ಪಥ್ಯ ಏನೈತ್ರೀ ಸಾಹೇಬ್ರ?

ನಮ್ಮ ಚಿಮ್ಮಡದ ಕಡೆ ಡಾಕ್ಟರು ಯಾವ ಗುಳಿಗೆಯನ್ನೇ ಬರೆದುಕೊಡಲಿ, ಚೀಟಿ ಮಡಚಿ ಕಿಸೆಗೆ ಸೇರಿಸುವ ಮೊದಲು ಒಂದು ಪ್ರಶ್ನೆ ಬಂದೇ ಬರುತ್ತದೆ: ‘ಪಥ್ಯ ಏನೈತ್ರೀ ಸಾಹೇಬ್ರ?’ ಜ್ವರವಿರಲಿ, ಮೊಣಕಾಲು ನೋವಿರಲಿ, ಇದನ್ನು ಕೇಳದೆ ಎದ್ದು ಬರುವವರು ಕಡಿಮೆ. ಬದನೆಕಾಯಿ ನಂಜು, ಮೊಸರು ತಂಪು, ಬೆಲ್ಲ ಉಷ್ಣ ಎಂಬ ಲೆಕ್ಕ ಹಿರಿಯರಿಂದ ಬಂದದ್ದು. ಎಣ್ಣೆಗಾಯಿ ಇಲ್ಲದ ರೊಟ್ಟಿ ಊಟವನ್ನು ಊಟವೆಂದೇ ಒಪ್ಪದ ಸೀಮೆಯಲ್ಲಿ ಬದನೆಕಾಯಿ ಬಿಡುವುದೆಂದರೆ ಸಣ್ಣ ಮಾತೇ? ಆದರೂ ಬಿಡುತ್ತಾರೆ. ಔಷಧಕ್ಕೆ ನಮ್ಮ ಜನ ಕೊಡುವ ಗೌರವ ಅಷ್ಟು ದೊಡ್ಡದು. ಆ ಗೌರವವನ್ನು ನಂಬಿಯೇ ಇವತ್ತು ಒಂದು ಗುಳಿಗೆಯ ಬಗ್ಗೆ ನಾಲ್ಕು ಮಾತು ಆಡೋಣ ಎಂದು ಕೂತಿದ್ದೇನೆ.

ಯಾವ ಗುಳಿಗೆ ಎನ್ನುತ್ತೀರಾ? ಸಂಜೆ ಗುಡಿಯ ಕಟ್ಟೆಗೆ ಹೋಗಿ ಕೂತರೆ ಬಿಪಿಯ ಗುಳಿಗೆ, ಶುಗರಿನ ಗುಳಿಗೆ, ಥೈರಾಯ್ಡಿನ ಗುಳಿಗೆ ಎಲ್ಲದರ ಚರಿತ್ರೆ ಕೇಳಬಹುದು. ‘ನಂದು ಐದರದ್ದಿತ್ತು, ಈಗ ಹತ್ತಕ್ಕ ಏರಿಸ್ಯಾರ ನೋಡು’ ಎಂದು ಒಬ್ಬರು ಅಂದರೆ ಇನ್ನೊಬ್ಬರು ತಮ್ಮದನ್ನು ಹೇಳುತ್ತಾರೆ. ಆದರೆ ಮನಸ್ಸಿನ ಬೇನೆಗೆ ಕೊಟ್ಟ ಗುಳಿಗೆ, ಖಿನ್ನತೆಯ ಗುಳಿಗೆ ಮಾತ್ರ ಆ ಕಟ್ಟೆಗೆ ಬರುವುದೇ ಇಲ್ಲ. ಅದು ಟ್ರಂಕಿನ ತಳದಲ್ಲಿ, ಕಾಳಿನ ಡಬ್ಬಿಯ ಹಿಂದೆ, ತಲೆದಿಂಬಿನ ಅಡಿಯಲ್ಲಿ ಬಚ್ಚಿಟ್ಟುಕೊಂಡು ಬದುಕುತ್ತದೆ. ಹಾಗೆ ಬಚ್ಚಿಟ್ಟು ನುಂಗಿದ ಗುಳಿಗೆಯ ಮೇಲೆ ಯಾರ ಕಣ್ಣೂ ಇರುವುದಿಲ್ಲ. ಈ ಔಷಧದಲ್ಲಿ ಆಗುವ ಬಹಳಷ್ಟು ತೊಂದರೆಗೆ ಬೇರು ಅಲ್ಲೇ ಇದೆ ಎಂಬುದು ನನ್ನ ನಂಬಿಕೆ.

ಬೇನೆಯಾದರೂ ಸುಲಭಕ್ಕೆ ಗುರುತು ಕೊಡುವಂಥದ್ದೇ? ‘ನಿದ್ದಿ ಹತ್ತೂದಿಲ್ರೀ, ಊಟ ಸೇರೂದಿಲ್ರೀ, ಮೈಯಾಗ ಜೀವನಽ ಇಲ್ಲದಂಗ ಆಗೇತ್ರೀ’ ಎಂದು ಅದು ಬರುತ್ತದೆ. ರಕ್ತ ತಪಾಸಣೆ, ಸ್ಕ್ಯಾನಿಂಗ್, ಎರಡು ಬಾಟಲಿ ಸಲೈನ್ ಎಲ್ಲ ಮುಗಿದ ಮೇಲೆ ಯಾರೋ ಒಬ್ಬ ತಿಳಿದ ಡಾಕ್ಟರು ‘ಮನಸ್ಸು ಹೆಂಗೈತವ್ವ?’ ಎಂದು ಕೇಳಿದಾಗ ಕಣ್ಣೀರು ಹರಿಯುತ್ತದೆ.

ದುಃಖಕ್ಕೂ ಈ ಬೇನೆಗೂ ವ್ಯತ್ಯಾಸ ಉಂಟು. ನಮ್ಮ ಸೀಮೆಯವರು ಶ್ರೀಕೃಷ್ಣ ಪಾರಿಜಾತದ ಆಟ ನೋಡಿ ಬೆಳೆದವರು. ಕುಲಗೋಡ ತಮ್ಮಣ್ಣ, ಕೌಜಲಗಿ ನಿಂಗಮ್ಮ ಅವರ ಹೆಸರು ಎತ್ತದೆ ಪಾರಿಜಾತದ ಮಾತು ಮುಗಿಯದು. ಸತ್ಯಭಾಮೆ ಸಿಟ್ಟು ಮಾಡುತ್ತಾಳೆ, ಅಳುತ್ತಾಳೆ, ಅನ್ನ ನೀರು ಬಿಡುತ್ತಾಳೆ. ಅವಳ ದುಃಖಕ್ಕೆ ಕಾರಣವಿದೆ. ಸವತಿಗೆ ಪಾರಿಜಾತದ ಹೂವು ಸಿಕ್ಕಿತು, ತನಗೆ ಸಿಗಲಿಲ್ಲ. ಕಾರಣ ತೀರಿದರೆ ದುಃಖವೂ ತೀರುತ್ತದೆ. ಅದಕ್ಕೆ ಗುಳಿಗೆ ಬೇಡ. ಖಿನ್ನತೆ ಹಾಗಲ್ಲ ನೋಡಿ. ಗಿಡವನ್ನೇ ತಂದು ಅಂಗಳದಲ್ಲಿ ನೆಟ್ಟರೂ ಅದರ ಕಡೆ ತಿರುಗಿ ನೋಡುವ ಮನಸ್ಸಾಗುವುದಿಲ್ಲ. ಎರಡು ವಾರ ದಾಟಿದರೂ ದಿನದ ಬಹುಪಾಲು ಅದೇ ಕವಿದ ಮನಸ್ಸು, ಮೊದಲು ಇಷ್ಟವಾಗುತ್ತಿದ್ದ ಯಾವುದರಲ್ಲೂ ರುಚಿ ಇಲ್ಲ, ನಿದ್ದೆ ಊಟ ಕೆಟ್ಟಿದೆ, ಇದ್ದು ಏನು ಮಾಡಲಿ ಎನಿಸುತ್ತದೆ ಎಂದರೆ ಡಾಕ್ಟರಲ್ಲಿಗೆ ಹೋಗಬೇಕು. ಎಲ್ಲರಿಗೂ ಗುಳಿಗೆಯೇ ಕೊಡುತ್ತಾರೆಂದಿಲ್ಲ. ಬೇನೆ ಹಗುರವಾಗಿದ್ದರೆ ಆಪ್ತಸಮಾಲೋಚನೆಯಲ್ಲೇ ಗುಣವಾಗುವುದುಂಟು. ಮಧ್ಯಮ, ತೀವ್ರ ಆದಾಗ ಗುಳಿಗೆಯ ಬಲ ಬೇಕಾಗುತ್ತದೆ.

ಅದೇ ಪಾರಿಜಾತದಲ್ಲಿ ಭಾಮೆಯ ಮನೆಗೆ ಬರುವ ಕೊರವಂಜಿ ನೆನಪಿದ್ದಾಳಲ್ಲ? ಬುಟ್ಟಿ ಇಳಿಸಿ, ಕೈ ಹಿಡಿದು, ಮನಸ್ಸಿನಲ್ಲಿದ್ದುದನ್ನು ಹೊರಗೆ ತೆಗೆಯುವವಳು. ಅವಳ ಹೆಸರಿನದೇ ಒಂದು ಹಾಸ್ಯ ಪತ್ರಿಕೆಯನ್ನು 1942ರಲ್ಲಿ ಬೆಂಗಳೂರಿನಲ್ಲಿ ಶುರು ಮಾಡಿದವರು ಡಾ. ಎಂ. ಶಿವರಾಂ, ನಮಗೆಲ್ಲ ‘ರಾಶಿ’ ಎಂದೇ ಪರಿಚಿತರು. ಕನ್ನಡಿಗರನ್ನು ನಗಿಸಿದ ಆ ಮನುಷ್ಯ ವೃತ್ತಿಯಿಂದ ವೈದ್ಯರು. ಅವರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಹಾಸ್ಯಕ್ಕಲ್ಲ. 1976ರಲ್ಲಿ, ಮನೋವೈದ್ಯಕೀಯದ ‘ಮನ ಮಂಥನ’ ಎಂಬ ಪುಸ್ತಕಕ್ಕೆ. ನಗೆಯ ಬೆಲೆ ತಿಳಿದವರೇ ಮನಸ್ಸಿನ ಬೇನೆಯ ಬಗ್ಗೆ ಕನ್ನಡದಲ್ಲಿ ಬರೆದರು ಎಂಬುದು ನನಗೆ ಬಹಳ ಹಿಡಿಸುವ ಸಂಗತಿ. ಅವರ ನಂತರ ನಿಮ್ಹಾನ್ಸ್‌ನ ಡಾ. ಸಿ. ಆರ್. ಚಂದ್ರಶೇಖರ್ ಅವರು ಪುಸ್ತಕದ ಮೇಲೆ ಪುಸ್ತಕ ಬರೆದು, ಓದಬಲ್ಲ ಪ್ರತಿ ಮನೆಗೂ ಈ ವಿಷಯ ಮುಟ್ಟಿಸಿದರು. ಅವರಿಗೆ 2024ರಲ್ಲಿ ಪದ್ಮಶ್ರೀ ಬಂತು. ಇಷ್ಟೆಲ್ಲ ಕನ್ನಡದಲ್ಲೇ ಇರುವಾಗ ಟ್ರಂಕಿನ ತಳದ ಗುಟ್ಟು ಯಾಕೆ?

ಪಥ್ಯದ ಮಾತು ಅಲ್ಲೇ ನಿಂತಿತ್ತು. ಈ ಔಷಧಗಳಿಗೆ ಪಥ್ಯವಿತ್ತು, ಅದಕ್ಕೊಂದು ಕಥೆಯೂ ಇದೆ. 1952ರಲ್ಲಿ ನ್ಯೂಯಾರ್ಕಿನ ಸೀ ವ್ಯೂ ಆಸ್ಪತ್ರೆಯಲ್ಲಿ ಕ್ಷಯ ರೋಗಿಗಳಿಗೆ ಐಪ್ರೋನಿಯಾಜಿಡ್ ಎಂಬ ಹೊಸ ಗುಳಿಗೆ ಕೊಟ್ಟರು. ಮಲಗಿದಲ್ಲೇ ಇದ್ದವರು ಎದ್ದು ಕೂತರು, ಹಸಿವು ಅಂದರು, ವಾರ್ಡಿನಲ್ಲಿ ಕುಣಿದಾಡಿದರು. ಕ್ಷಯಕ್ಕೆ ತಂದ ಗುಳಿಗೆ ಮನಸ್ಸನ್ನು ಎಬ್ಬಿಸುತ್ತಿದೆ ಎಂದು ವೈದ್ಯರಿಗೆ ಹೊಳೆಯಿತು. ಕೆಲವೇ ವರ್ಷಗಳಲ್ಲಿ ಅದು ಖಿನ್ನತೆಗೆ ಔಷಧವಾಯಿತು. ಅದೇ ಹೊತ್ತಿಗೆ ಸ್ವಿಟ್ಜರ್ಲೆಂಡಿನಲ್ಲಿ ರೋಲಂಡ್ ಕೂನ್ ಎಂಬ ವೈದ್ಯರು ಇಮಿಪ್ರಮಿನ್ ಎಂಬ ಇನ್ನೊಂದನ್ನು ಕಂಡುಕೊಂಡರು. ಮುಂದೆ ಇಂಗ್ಲೆಂಡಿನಲ್ಲಿ ಮೊದಲನೆಯ ಜಾತಿಯ ಗುಳಿಗೆ ತಿನ್ನುವ ಕೆಲವರಿಗೆ ಇದ್ದಕ್ಕಿದ್ದಂತೆ ತಲೆ ಸಿಡಿಯತೊಡಗಿತು, ರಕ್ತದೊತ್ತಡ ಹುಚ್ಚಾಪಟ್ಟೆ ಏರತೊಡಗಿತು. ಯಾಕೆಂದು ಯಾರಿಗೂ ತಿಳಿಯದು. ನಾಟಿಂಗ್‌ಹ್ಯಾಮಿನ ಒಬ್ಬ ಫಾರ್ಮಸಿಸ್ಟರು, ತಮ್ಮ ಹೆಂಡತಿಗೆ ಚೀಸ್ ತಿಂದಾಗಲೇ ಹೀಗಾಗುತ್ತದೆ ಎಂದು ಗಮನಿಸಿ ಪತ್ರ ಬರೆದರು. ಬ್ಯಾರಿ ಬ್ಲ್ಯಾಕ್‌ವೆಲ್ ಎಂಬ ತರುಣ ವೈದ್ಯರು ಆ ಜಾಡು ಹಿಡಿದು 1963ರಲ್ಲಿ ಪ್ರಕಟಿಸಿದರು. ಹಳೆಯ ಚೀಸಿನಲ್ಲಿರುವ ಟೈರಮಿನ್ ಎಂಬ ಅಂಶವನ್ನು ಕರಗಿಸುವ ಶಕ್ತಿಯನ್ನು ಆ ಗುಳಿಗೆ ದೇಹದಿಂದ ಕಿತ್ತುಕೊಂಡಿರುತ್ತಿತ್ತು.

ಈ ಕಥೆ ಇಷ್ಟು ಉದ್ದ ಹೇಳಿದ್ದು ಯಾಕೆಂದರೆ, ಅದರಲ್ಲಿ ನನಗೆ ದೊಡ್ಡದಾಗಿ ಕಾಣುವುದು ಹೆಂಡತಿಯ ಊಟದ ಮೇಲೂ ಗುಳಿಗೆಯ ಮೇಲೂ ಕಣ್ಣಿಟ್ಟ ಆ ಗಂಡ. ಮನೆಯವರ ಕಣ್ಣು ಕಂಡದ್ದು ಪ್ರಯೋಗಾಲಯಕ್ಕೂ ಕಂಡಿರಲಿಲ್ಲ. ಗುಟ್ಟಾಗಿ ನುಂಗಿದ್ದರೆ ಅವರಿಗಾದರೂ ತಿಳಿಯುತ್ತಿತ್ತೆ?

ಈಗ ನಮ್ಮ ಕಡೆ ಸಾಮಾನ್ಯವಾಗಿ ಬರೆಯುವ ಎಸ್ಸಿಟಲೋಪ್ರಾಮ್, ಸರ್ಟ್ರಾಲಿನ್, ಫ್ಲುಆಕ್ಸೆಟಿನ್ ಬೇರೆ ಜಾತಿಯವು. ಅಮೆರಿಕದಲ್ಲಿ 1987ರಲ್ಲಿ ಒಪ್ಪಿಗೆ ಪಡೆದ ಫ್ಲುಆಕ್ಸೆಟಿನ್ ಈ ಬಳಗಕ್ಕೆ ಹೆಸರು ತಂದುಕೊಟ್ಟಿತು. ಇವಕ್ಕೆ ಬದನೆಕಾಯಿಯ ಪಥ್ಯವಿಲ್ಲ, ಮೊಸರಿನ ಪಥ್ಯವಿಲ್ಲ. ಹಿಂಡಿ, ರೊಟ್ಟಿ, ಶೇಂಗಾ ಚಟ್ನಿ ನೆಮ್ಮದಿಯಿಂದ ತಿನ್ನಿ. ಪಥ್ಯ ಬೇರೆ ಕಡೆ ಇದೆ. ಮೊದಲನೆಯದು ಕುಡಿತ. ಎರಡನೆಯದು ನೋವಿನ ಗುಳಿಗೆ. ಬನಹಟ್ಟಿ-ರಬಕವಿಯ ಮಗ್ಗದ ಮುಂದೆ ದಿನವಿಡೀ ನಿಂತವರಿಗೆ, ಕಬ್ಬಿನ ಹೊರೆ ಹೊತ್ತವರಿಗೆ ನಡು ನೋವು ತಪ್ಪಿದ್ದಲ್ಲ. ಮೆಡಿಕಲ್ ಅಂಗಡಿಗೆ ಹೋಗಿ ‘ನೋವಿಂದು ಎರಡು ಕೊಡ್ರೀ’ ಅನ್ನುವುದು ರೂಢಿ. ಡೈಕ್ಲೋಫೆನಾಕ್, ಐಬುಪ್ರೊಫೇನ್ ಥರದ ನೋವಿನ ಗುಳಿಗೆ ಈ ಔಷಧದ ಜೊತೆ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ರಕ್ತ ತೆಳುಮಾಡುವ ಗುಳಿಗೆ ತಿನ್ನುವವರಿಗೂ ಇದೇ ಎಚ್ಚರ. ಟ್ರಮಡಾಲ್ ಸೇರಿದರೆ ಇನ್ನೊಂದು ಅಪಾಯ: ಮೈ ನಡುಗುತ್ತದೆ, ಬೆವರು ಸುರಿಯುತ್ತದೆ, ಜ್ವರ ಏರುತ್ತದೆ, ಎದೆ ಓಡುತ್ತದೆ, ಮಾತು ತಪ್ಪುತ್ತದೆ. ಅಂಥದ್ದು ಕಂಡರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಓಡಬೇಕು. ಅಂಗಡಿಯಲ್ಲಿ ಏನು ಕೊಳ್ಳುವುದಿದ್ದರೂ, ಆಯುರ್ವೇದದ ಪುಡಿಯಾದರೂ ಸರಿ, ‘ನಾ ಇಂಥಾ ಗುಳಿಗಿ ತಗೋತೀನ್ರೀ’ ಎಂದು ಮೊದಲು ಬಾಯಿಬಿಟ್ಟು ಹೇಳಬೇಕು.

ಇನ್ನೊಂದು ನಮ್ಮ ಸೀಮೆಗೇ ವಿಶೇಷವಾದದ್ದು. ಜಮಖಂಡಿಯಲ್ಲಿ ಒಬ್ಬ ಡಾಕ್ಟರು, ಬೆಳಗಾವಿಯಲ್ಲಿ ಒಬ್ಬರು, ಅದೂ ಸಾಲದಿದ್ದರೆ ಮಿರಜ್. 1894ರಲ್ಲಿ ವಾನ್ಲೆಸ್ ಸಾಹೇಬರು ಅಲ್ಲಿ ಆಸ್ಪತ್ರೆ ತೆರೆದಂದಿನಿಂದ ಈ ಭಾಗದವರಿಗೆ ‘ಮಿರಜಕ್ಕ ಹೋಗಿ ತೋರಿಸ್ರಿ’ ಎಂಬುದೇ ಕೊನೆಯ ಸಲಹೆ. ತೋರಿಸಲಿ, ತಪ್ಪಿಲ್ಲ. ಆದರೆ ಇಬ್ಬರು ಡಾಕ್ಟರು ಎರಡು ಕಂಪನಿಯ ಹೆಸರಿನಲ್ಲಿ ಒಂದೇ ಎಸ್ಸಿಟಲೋಪ್ರಾಮ್ ಬರೆದುಕೊಟ್ಟಿರಬಹುದು. ರೋಗಿ ಎರಡನ್ನೂ ಶ್ರದ್ಧೆಯಿಂದ ನುಂಗಬಹುದು. ಗುಳಿಗೆಯ ಹಾಳೆಯ ಮೇಲೆ ಕಂಪನಿಯ ದೊಡ್ಡ ಹೆಸರಿನ ಹತ್ತಿರ ಔಷಧದ ಮೂಲ ಹೆಸರನ್ನು ಸಣ್ಣಕ್ಕೆ ಅಚ್ಚು ಹಾಕಿರುತ್ತಾರೆ. ಶಾಲೆಗೆ ಹೋಗುವ ಮೊಮ್ಮಗಳಿಗೆ ಓದಲು ಹೇಳಿ. ಹಳೆಯ ಚೀಟಿಗಳನ್ನೆಲ್ಲ ಒಂದು ಚೀಲದಲ್ಲಿಟ್ಟು, ಹೋದಲ್ಲೆಲ್ಲ ಆ ಚೀಲವನ್ನೇ ಒಯ್ಯಿರಿ. ಚೊಚ್ಚಲ ಹೆರಿಗೆಗೆ ತವರಿಗೆ ಹೊರಟ ಮಗಳ ಜೊತೆಗೂ ಆ ಚೀಟಿ ಹೋಗಬೇಕು. ಬಸುರಿ, ಬಾಣಂತಿ ಎಂದು ಮನೆಯವರೇ ಗುಳಿಗೆ ನಿಲ್ಲಿಸಿಬಿಡುವುದಲ್ಲ. ತಾಯಿಯ ಖಿನ್ನತೆ ಮರುಕಳಿಸಿದರೆ ಕೂಸಿಗೂ ಕಷ್ಟ. ಮುಂದುವರಿಸುವುದೋ ಬದಲಿಸುವುದೋ ಡಾಕ್ಟರು ತೂಗಿ ಹೇಳುತ್ತಾರೆ.

ಕಬ್ಬಿನ ಹಂಗಾಮಿನಲ್ಲಿ ಗಾಣದ ಮನೆಗೆ ಹೋಗಿ ಕೂತು ನೋಡಿದ್ದೀರಾ? ಮಹಾಲಿಂಗಪುರದ ಬೆಲ್ಲದ ಪೇಟೆಗೆ ಹೋಗುವ ಪೆಂಟಿಗಳು ಹುಟ್ಟುವುದು ಅಲ್ಲಿ. ಕಡಾಯಿ ತುಂಬ ಕಬ್ಬಿನ ಹಾಲು ಸುರಿದು ಬೆಂಕಿ ಹಾಕುತ್ತಾರೆ. ಬಹಳ ಹೊತ್ತು ಏನೂ ಆಗುವುದಿಲ್ಲ. ಆಗುವುದಿಲ್ಲ ಎನ್ನುವುದಕ್ಕಿಂತ, ಮೊದಲು ಹೊಲಸೇ ಮೇಲೆ ಬರುತ್ತದೆ. ಬೆಂಡೆ ಗಿಡದ ಲೋಳೆ ಹಾಕಿ ಆ ಮಡ್ಡಿಯನ್ನು ತೆಗೆಯುತ್ತ ಕೂರಬೇಕು. ಅವಸರದವರು ಅಲ್ಲಿಗೇ ಬೇಸತ್ತು ಎದ್ದು ಹೋದರೆ ಪಾಕ ಕಾಣುವುದಿಲ್ಲ. ಖಿನ್ನತೆಯ ಗುಳಿಗೆಯ ಮೊದಲ ವಾರಗಳೂ ಹಾಗೇ. ನುಂಗಿದ ಮರುದಿನವೇ ಮನಸ್ಸು ಅರಳುವುದಿಲ್ಲ. ಎರಡರಿಂದ ನಾಲ್ಕು ವಾರ ಬೇಕು, ಪೂರ್ಣ ಗುಣ ಕಾಣಲು ಕೆಲವರಿಗೆ ಆರು ವಾರ ಅಥವಾ ಇನ್ನೂ ಹೆಚ್ಚು. ಆದರೆ ಉಪದ್ರವಗಳು ಮೊದಲ ದಿನಗಳಲ್ಲೇ ಮೇಲೆ ಬರುತ್ತವೆ: ಹೊಟ್ಟೆ ತೊಳಸುವುದು, ತಲೆನೋವು, ಭೇದಿ, ಒಬ್ಬರಿಗೆ ನಿದ್ದೆ ಹೆಚ್ಚು, ಇನ್ನೊಬ್ಬರಿಗೆ ನಿದ್ದೆಯೇ ಇಲ್ಲ. ಇವುಗಳಲ್ಲಿ ಬಹಳಷ್ಟು ಒಂದೆರಡು ವಾರದಲ್ಲಿ ತಾವಾಗಿ ಇಳಿಯುತ್ತವೆ. ‘ಗುಳಿಗಿ ಮೈಗೆ ಹತ್ತಲಿಲ್ಲ’ ಎಂದು ಎರಡನೇ ದಿನಕ್ಕೇ ಎಸೆದವರು ಮಡ್ಡಿ ಕಂಡು ಎದ್ದುಹೋದವರು. ಊಟವಾದ ಮೇಲೆ ತಗೊಂಡರೆ ಹೊಟ್ಟೆಗೆ ಹಗುರ. ನಿದ್ದೆ ಬರಿಸಿದರೆ ರಾತ್ರಿಗೆ, ನಿದ್ದೆ ಕೆಡಿಸಿದರೆ ಬೆಳಗಿಗೆ ಸರಿಸಿಕೊಳ್ಳಲು ಡಾಕ್ಟರನ್ನು ಕೇಳಬಹುದು. ಎರಡೆರಡು ಟ್ರೇಲರ್ ಕಬ್ಬು ಕಟ್ಟಿಕೊಂಡು ರಾತ್ರಿ ಕಾರ್ಖಾನೆಗೆ ಟ್ರ್ಯಾಕ್ಟರ್ ಹೊಡೆಯುವ ತಮ್ಮಂದಿರು, ಗುಳಿಗೆ ತಮ್ಮ ಕಣ್ಣು ಎಳೆಯುತ್ತದೋ ಇಲ್ಲವೋ ಎಂದು ತಿಳಿಯುವವರೆಗೆ ಸ್ಟೇರಿಂಗ್ ಹಿಡಿಯಬಾರದು. ಗಂಡ ಹೆಂಡಿರ ಸುಖಕ್ಕೆ ಸಂಬಂಧಿಸಿದ ತೊಂದರೆಯೂ ಕೆಲವರಿಗೆ ಆಗುತ್ತದೆ. ನಾಚಿ ಬಾಯಿ ಮುಚ್ಚಿಕೊಂಡು ಗುಳಿಗೆ ಬಿಡುವವರು ಬಹಳ. ಹೇಳಿದರೆ ಡಾಕ್ಟರು ಪ್ರಮಾಣವನ್ನೋ ಔಷಧವನ್ನೋ ಬದಲಿಸುತ್ತಾರೆ.

ಒಂದು ಗಂಭೀರ ಮಾತು ಇಲ್ಲಿಯೇ ಹೇಳಬೇಕು. ಹರೆಯದವರಲ್ಲಿ, ಗುಳಿಗೆ ಶುರುವಾದ ಮತ್ತು ಪ್ರಮಾಣ ಬದಲಾದ ಮೊದಲ ವಾರಗಳಲ್ಲಿ, ಕೆಲವರಿಗೆ ಚಡಪಡಿಕೆ ಹೆಚ್ಚಿ ಸಾಯುವ ಯೋಚನೆ ಬರಬಹುದು. ಅಮೆರಿಕದ ಔಷಧ ಇಲಾಖೆ 2004ರಲ್ಲಿ ಮಕ್ಕಳ ಬಗ್ಗೆ ಈ ಎಚ್ಚರಿಕೆಯನ್ನು ಅಚ್ಚು ಹಾಕಿಸಿತು. 2007ರಲ್ಲಿ 24ರ ವಯಸ್ಸಿನವರೆಗೆ ವಿಸ್ತರಿಸಿತು. ಅದಕ್ಕೆ ಹೆದರಿ ಔಷಧವನ್ನೇ ಬಿಡುವುದು ಬೇಡ. ಬೇನೆಯನ್ನು ಹಾಗೇ ಬಿಟ್ಟರೂ ಜೀವಕ್ಕೆ ಅಪಾಯವೇ. ಆ ವಾರಗಳಲ್ಲಿ ಹುಡುಗನನ್ನು ಒಂಟಿ ಬಿಡದೆ, ಮಾತಾಡಿಸುತ್ತ, ಬದಲಾವಣೆ ಕಂಡ ಕೂಡಲೇ ಡಾಕ್ಟರಿಗೆ ತಿಳಿಸಬೇಕು. ಗುಳಿಗೆಯ ಹಾಳೆಗಳನ್ನು ಮನೆಯ ಹಿರಿಯರು ತಮ್ಮ ಕೈಯಲ್ಲಿಟ್ಟುಕೊಂಡು ದಿನದ್ದು ದಿನ ಕೊಡಲಿ. ಹೊಲಕ್ಕೆ ಹೊಡೆಯುವ ಎಣ್ಣೆಯ ಬಾಟಲಿ ಮನೆಯಲ್ಲಿದ್ದರೆ ಅದಕ್ಕೂ ಬೀಗ ಬೀಳಲಿ. ನಮ್ಮಂಥ ಬೇಸಾಯದ ಊರಿನಲ್ಲಿ ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ.

ವಯಸ್ಸಾದವರ ಮಾತು ಬೇರೆ. ಅರವತ್ತು ದಾಟಿದ ಅಜ್ಜ ಅಜ್ಜಿಯರಿಗೆ ಈ ಗುಳಿಗೆಯಿಂದ ರಕ್ತದಲ್ಲಿ ಸೋಡಿಯಂ ಇಳಿಯುವುದುಂಟು. ತೂಕಡಿಕೆ, ತಡವರಿಸುವ ನಡಿಗೆ, ಗೊತ್ತಿದ್ದವರ ಗುರುತು ತಪ್ಪುವುದು ಕಂಡರೆ ‘ವಯಸ್ಸಾತು ಬಿಡು’ ಎನ್ನದೆ ರಕ್ತ ತಪಾಸಣೆ ಮಾಡಿಸಬೇಕು.

ಎಲ್ಲಕ್ಕಿಂತ ಹೆಚ್ಚು ಜನ ಎಡವುವುದು ಎಲ್ಲಿ ಗೊತ್ತೆ? ಗುಣವಾದ ಮೇಲೆ. ಎರಡು ತಿಂಗಳು ಕಳೆಯುತ್ತದೆ, ಮುಖದಲ್ಲಿ ಕಳೆ ಬರುತ್ತದೆ, ಸಂತೆಗೆ ಹೋಗುತ್ತಾರೆ, ನೆಂಟರ ಮದುವೆಯಲ್ಲಿ ನಗುತ್ತಾರೆ. ‘ಆರಾಮ ಆಗೇತಲ್ಲ, ಇನ್ಯಾಕ ಗುಳಿಗಿ?’ ಎಂದು ಒಂದು ಮುಂಜಾನೆ ನಿಲ್ಲಿಸಿಬಿಡುತ್ತಾರೆ. ಶ್ರಾವಣದ ಉಪವಾಸಕ್ಕೆಂದು ಬಿಟ್ಟವರಿದ್ದಾರೆ. ಊರಿಗೆ ಹೋದಾಗ ಹಾಳೆ ಮರೆತು ಬಿಟ್ಟವರಿದ್ದಾರೆ. ನಾಲ್ಕಾರು ದಿನಕ್ಕೆ ತಲೆ ತಿರುಗುತ್ತದೆ, ತಲೆಯಲ್ಲಿ ಕರೆಂಟು ಹೊಡೆದಂತಾಗುತ್ತದೆ, ಸಿಟ್ಟು, ಅಳು, ಕೆಟ್ಟ ಕನಸು. ‘ನೋಡ್ರೀ, ಗುಳಿಗಿ ಚಟ ಹಿಡಿಸೇತಿ’ ಎಂಬ ಸುದ್ದಿ ಹುಟ್ಟುವುದು ಆಗ. ಇದು ಚಟವಲ್ಲ. ಕುಡುಕನಿಗೆ ಕುಡಿತ ಬೇಕೆನಿಸುವಂತೆ ಈ ಗುಳಿಗೆ ಬೇಕೆನಿಸುವುದಿಲ್ಲ, ದಿನದಿನಕ್ಕೆ ಹೆಚ್ಚು ಬೇಡುವುದೂ ಇಲ್ಲ. ಮೆದುಳು ಒಂದು ಹೊಂದಾಣಿಕೆಗೆ ಬಂದಿರುತ್ತದೆ. ಒಮ್ಮೆಲೇ ಕಿತ್ತರೆ ತಡವರಿಸುತ್ತದೆ. ಪ್ಯಾರಾಕ್ಸೆಟಿನ್, ವೆನ್‌ಲಾಫಾಕ್ಸಿನ್‌ನಲ್ಲಿ ಇದು ಹೆಚ್ಚು, ಮೈಯಲ್ಲಿ ಬಹಳ ದಿನ ಉಳಿಯುವ ಫ್ಲುಆಕ್ಸೆಟಿನ್‌ನಲ್ಲಿ ಕಡಿಮೆ. ಆದ್ದರಿಂದಲೇ ಮೊದಲ ಸಲದ ಖಿನ್ನತೆಗೆ, ಪೂರ್ತಿ ಗುಣವಾದ ಮೇಲೂ ಕನಿಷ್ಠ ಆರು ತಿಂಗಳು ಗುಳಿಗೆ ಮುಂದುವರಿಸಿ, ಆಮೇಲೆ ವಾರಗಟ್ಟಲೆ, ತಿಂಗಳುಗಟ್ಟಲೆ ಪ್ರಮಾಣ ಇಳಿಸುತ್ತ ಬಿಡಿಸುತ್ತಾರೆ. ಪದೇ ಪದೇ ಬಂದವರಿಗೆ ಇನ್ನೂ ಹೆಚ್ಚು ಕಾಲ. ಶುರು ಮಾಡುವುದು ಹೇಗೆ ಡಾಕ್ಟರ ಕೈಯಲ್ಲಿದೆಯೋ ಬಿಡುವುದೂ ಅವರ ಕೈಯಲ್ಲೇ ಇರಬೇಕು. ಒಂದು ದಿನ ಮರೆತರೆ ಗಾಬರಿ ಬೇಡ. ನೆನಪಾದಾಗ ತಗೊಳ್ಳಿ, ಮುಂದಿನ ಹೊತ್ತು ಹತ್ತಿರ ಬಂದಿದ್ದರೆ ಮರೆತದ್ದನ್ನು ಬಿಡಿ. ಎರಡು ಒಟ್ಟಿಗೆ ನುಂಗಬೇಡಿ.

ಅಲ್ಪ್ರಜೋಲಾಂ ಥರದ ಗುಳಿಗೆಗಳ ಕಥೆ ಮಾತ್ರ ಬೇರೆ. ಅವು ಕೂಡಲೇ ಸಮಾಧಾನ ಕೊಡುತ್ತವೆ, ನಿದ್ದೆ ಬರಿಸುತ್ತವೆ, ಅಭ್ಯಾಸವೂ ಆಗಿಬಿಡುತ್ತವೆ. ಡಾಕ್ಟರು ಶುರುವಿನ ಕೆಲವು ವಾರಕ್ಕೆಂದು ಎರಡನ್ನೂ ಬರೆದಿರುತ್ತಾರೆ. ನಮ್ಮವರು ನಿಧಾನಕ್ಕೆ ಗುಣ ಮಾಡುವುದನ್ನು ಬಿಟ್ಟು, ಕೂಡಲೇ ನಿದ್ದೆ ಬರಿಸುವುದನ್ನೇ ವರ್ಷಗಟ್ಟಲೆ ಇಟ್ಟುಕೊಳ್ಳುತ್ತಾರೆ. ಎರಡರಲ್ಲಿ ಯಾವುದು ಎಷ್ಟು ದಿನ ಎಂದು ಚೀಟಿಯ ಮೇಲೆ ಕನ್ನಡದಲ್ಲಿ ಬರೆಸಿಕೊಳ್ಳಿ.

‘ನನಗ ಆರಾಮ ಆತು, ನೀನೂ ಒಂದು ತಗೊಂಡು ನೋಡವ್ವ’ ಎಂದು ನೆಗೆಣ್ಣಿಗೆ ಅರ್ಧ ಹಾಳೆ ಕೊಡುವ ಪ್ರೀತಿಯೂ ನಮ್ಮಲ್ಲುಂಟು. ಉಪ್ಪಿನಕಾಯಿ ಕೊಡಿ, ಹೋಳಿಗೆ ಕೊಡಿ, ಗುಳಿಗೆ ಕೊಡಬೇಡಿ. ಒಮ್ಮೆ ಕುಗ್ಗಿ ಒಮ್ಮೆ ವಿಪರೀತ ಹಿಗ್ಗುವ ಬೈಪೋಲಾರ್ ಬೇನೆ ಅವಳದಾಗಿದ್ದರೆ, ಬರೀ ಖಿನ್ನತೆಯ ಗುಳಿಗೆ ಅವಳನ್ನು ಉನ್ಮಾದಕ್ಕೆ ಏರಿಸಬಹುದು. ಹಾಳೆಯ ಮೇಲಿನ ಕೆಂಪು ಗುರುತು, ಡಾಕ್ಟರ ಚೀಟಿ ಇಲ್ಲದೆ ಇದನ್ನು ಮಾರಬಾರದು ಎಂಬ ಕಾನೂನು ಇರುವುದು ಇದಕ್ಕೇ.

ಡಾಕ್ಟರು ಎಲ್ಲಿ ಸಿಗುತ್ತಾರೆ ಎಂದು ಕೇಳಿದರೆ ಹಿಂದಿನವರಿಗೆ ಒಂದೇ ಉತ್ತರವಿತ್ತು: ಧಾರವಾಡ. 1845ರಿಂದ ಅಲ್ಲಿ ಮಾನಸಿಕ ಆಸ್ಪತ್ರೆ ಇದೆ; ಈಗ ಅದು ಡಿಮ್ಹಾನ್ಸ್. ಅದೆಷ್ಟು ಸಾವಿರ ಮನೆಗಳಿಗೆ ಬೆಳಕು ಕೊಟ್ಟ ಜಾಗವೋ! ಅಂಥ ಊರಿನ ಹೆಸರನ್ನು ‘ಧಾರವಾಡಕ್ಕ ಕಳಸಬೇಕಿವನ್ನ’ ಎಂದು ಬೈಗುಳ ಮಾಡಿಕೊಂಡದ್ದು ನೆನೆದರೆ ನನಗೆ ನೋವಾಗುತ್ತದೆ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ತರಬೇತಿ ಕೊಟ್ಟು ಈ ಚಿಕಿತ್ಸೆಯನ್ನು ಹಳ್ಳಿಗೆ ಇಳಿಸಬಹುದೆಂದು ಮಾಡಿ ತೋರಿಸಿದರು. 1996ರಲ್ಲಿ ಶುರುವಾದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ನಮ್ಮ ಬಳ್ಳಾರಿಯೇ ಮಾದರಿ. ಮುಂದೆ ಮನೋಚೈತನ್ಯ ಎಂಬ ಕಾರ್ಯಕ್ರಮದಲ್ಲಿ, ಮಂಗಳವಾರ ಮನೋವೈದ್ಯರು ತಾಲೂಕು ಆಸ್ಪತ್ರೆಗೇ ಬರುವ ವ್ಯವಸ್ಥೆಯನ್ನು ರಾಜ್ಯ ಸರ್ಕಾರ ಮಾಡಿತು. ನಿಮ್ಮ ತಾಲೂಕಿನಲ್ಲಿ ಯಾವ ವಾರ ಎಂದು ಆಶಾ ಅಕ್ಕಾವರನ್ನು ಕೇಳಿನೋಡಿ.

ಇಷ್ಟಿದ್ದೂ 2015–16ರಲ್ಲಿ ನಿಮ್ಹಾನ್ಸ್ 12 ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಕಂಡದ್ದೇನು? ಸುಮಾರು 20 ಮಂದಿಯಲ್ಲಿ ಒಬ್ಬರು ಬದುಕಿನಲ್ಲಿ ಎಂದಾದರೂ ಖಿನ್ನತೆ ಅನುಭವಿಸಿದವರು. ಬೇನೆ ಇದ್ದವರಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಮಂದಿಗೆ ಚಿಕಿತ್ಸೆಯೇ ಇಲ್ಲ. ಇಪ್ಪತ್ತರಲ್ಲಿ ಒಬ್ಬರು ಎಂದರೆ ನಮ್ಮ ಓಣಿಯಲ್ಲೇ ಎಷ್ಟು ಮನೆ ಆಯಿತು, ನೀವೇ ಲೆಕ್ಕ ಹಾಕಿ. ಬಿಪಿಯ ಗುಳಿಗೆಯ ಬಗ್ಗೆ ಆಡುವಷ್ಟೇ ಸಲೀಸಾಗಿ ಇದರ ಬಗ್ಗೆಯೂ ಮನೆಯಲ್ಲಿ ಒಬ್ಬರಿಗಾದರೂ ಹೇಳಿಕೊಳ್ಳಿ. ಗಂಡನಿಗೋ, ಅಕ್ಕನಿಗೋ, ಪಕ್ಕದ ಮನೆಯ ಕಾಕೂಗೋ: ಗುಳಿಗೆಯ ಹೆಸರು ಇದು, ಹೊತ್ತು ಇದು, ಡಾಕ್ಟರು ಇವರು ಎಂದು. ಆ ಒಬ್ಬರ ಕಣ್ಣು ನಿಮ್ಮ ಮೇಲಿದ್ದರೆ ಅರ್ಧ ಅಪಾಯ ಅಲ್ಲಿಗೇ ಕಳೆಯಿತು. ಹೇಳಿಕೊಳ್ಳಲು ಯಾರೂ ಇಲ್ಲ ಎನಿಸಿದ ರಾತ್ರಿಗೆ 2022ರ ಅಕ್ಟೋಬರ್ 10ರಿಂದ ಟೆಲಿ ಮಾನಸ್ ಇದೆ. 14416ಕ್ಕೆ ಯಾವ ಹೊತ್ತಿನಲ್ಲಾದರೂ ಬಿಟ್ಟಿಯಾಗಿ ಫೋನು ಮಾಡಿ ಕನ್ನಡದಲ್ಲೇ ಮಾತಾಡಬಹುದು. ಆ ಸಂಖ್ಯೆಯನ್ನು ಗೋಡೆಯ ಕ್ಯಾಲೆಂಡರಿನ ಮೇಲೆ, ಎಲ್ಲರಿಗೂ ಕಾಣುವ ಹಾಗೆ, ದಪ್ಪ ಅಕ್ಷರದಲ್ಲಿ ಬರೆದಿಡಿ. ನಿಮಗೆ ಬೇಕಾಗದಿರಬಹುದು, ಮನೆಗೆ ಬಂದ ನೆಂಟರಲ್ಲಿ ಯಾರಿಗೆ ಬೇಕಾಗಿದೆಯೋ ನಮಗೇನು ಗೊತ್ತು?